ಪಹಣಿಯ ಹೆಸರು ಬದಲಾಗುವುದು ಹೇಗೆ?

ಮಕ್ಕಳೇ, ಹೊಲ ಮಾರಿದಾಗ ಪಹಣಿಯ ಹೆಸರನ್ನು ಬದಲಿಸುವುದು ‘ಭೂಮಿ’ ತಂತ್ರಾಂಶ. ಕರ್ನಾಟಕದಲ್ಲಿ ಇದು 2000ದ ಹೊತ್ತಿಗೆ ಬಂತು. ಇಂಥ ತಂತ್ರಾಂಶದ ನಡೆಯನ್ನು ತೋರಿಸುವುದೇ ಅನುಕ್ರಮ ಚಿತ್ರ. ಬರೆದು ನೋಡೋಣ.

ಹಾಳೆಯ ಮೇಲ್ಭಾಗದಲ್ಲಿ ನೋಂದಣಿ ಕಚೇರಿ, ಭೂಮಿ, ಊರಿನ ಜನ, ಕಂದಾಯ ಅಧಿಕಾರಿ ಎಂದು ಸಾಲಾಗಿ ಬರೆಯಿರಿ. ಪ್ರತಿ ಹೆಸರಿನಿಂದ ಕೆಳಕ್ಕೊಂದು ಗೆರೆ ಎಳೆಯಿರಿ. ಕೆಳಗೆ ಹೋದಂತೆ ಕಾಲ ಸರಿಯುತ್ತದೆ. ಬಾಣ ಎಂದರೆ ಸಂದೇಶ.

ಮೊದಲ ಬಾಣ ನೋಂದಣಿ ಕಚೇರಿಯಿಂದ ಭೂಮಿಗೆ: ಮಾರಾಟದ ವಿವರ. ಎರಡನೆಯದು ಊರಿನ ಜನರಿಗೆ: ನೋಟಿಸ್. ತಕರಾರು ಸಲ್ಲಿಸಲು ಕಾಲಾವಕಾಶ ಉಂಟು. ಅಲ್ಲಿ ಗೆರೆಯನ್ನು ಉದ್ದ ಬಿಡಿ. ತಕರಾರಿಲ್ಲದಿದ್ದರೆ ಹೊಸ ಹೆಸರು.

ಈಗ ‘ಹೊಸ ಹೆಸರು’ ಎಂಬುದನ್ನು ನೋಟಿಸಿಗಿಂತ ಮೇಲೆ ಬರೆಯಿರಿ. ಪಾಲುಳ್ಳ ತಂಗಿಗೆ ಸುದ್ದಿ ಮುಟ್ಟುವ ಮೊದಲೇ ಹೊಲ ಪರರ ಹೆಸರಿಗೆ! ಬಾಣಗಳು ಅವೇ, ಕ್ರಮ ಮಾತ್ರ ಬೇರೆ.

ತಂಗಿ ತಕರಾರು ಕೊಟ್ಟರೆ ವಿಚಾರಣೆ ನಡೆಯಬೇಕು. ಆ ಬಾಣ ಯಾರತ್ತ? ನೀವೇ ಎಳೆಯಿರಿ.