ಗಿರಿಯವರ ಗೆಲುವು

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕೀರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ನಿಧನ ಹೊಂದಿದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಕಾರ್ಮಿಕ ಸಂಘಟನೆಯಲ್ಲಿ ಬಾಳು ಸವೆಸಿದ ಅವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದವರು.

ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಹಿರಿಯರು, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ, ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿದರು. ಗಿರಿಯವರು ಸ್ವತಂತ್ರರಾಗಿ ಸ್ಪರ್ಧಿಸಲು ನಿಶ್ಚಯಿಸಿ, ಜುಲೈ 20ರಂದು ಇದ್ದ ಪದವಿಯನ್ನೇ ತ್ಯಜಿಸಿದರು. ಎಪ್ಪತ್ತೈದರ ಹೊಸ್ತಿಲಲ್ಲಿದ್ದ ಅವರಿಗೆ ಸೋತರೆ ಮರಳಲು ಪದವಿಯಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ರಾಷ್ಟ್ರಪತಿಯ ಹೊಣೆಯನ್ನು ತಾತ್ಕಾಲಿಕವಾಗಿ ಹೊತ್ತರು.

ಮತದಾನ ಸಮೀಪಿಸಿದಾಗ ಪ್ರಧಾನಿಯವರು, ಸದಸ್ಯರು ಅಂತರಾತ್ಮದ ಕರೆಯಂತೆ ಮತ ನೀಡಲೆಂದು ಸೂಚಿಸಿದರು. ಪಕ್ಷದ ಆಜ್ಞೆಯೋ, ಅಂತರಾತ್ಮವೋ? ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದವರ ಬಾಯಿಂದ ಈ ಮಾತು ಬಂದುದು ಅನೇಕರಿಗೆ ಸರಿದೋರಲಿಲ್ಲ. ಆ ಆಕ್ಷೇಪ ತಳ್ಳಿಹಾಕುವಂಥದೂ ಅಲ್ಲ.

ಆಗಸ್ಟ್ 16ರಂದು ಮತದಾನ ನಡೆಯಿತು. ಗೆಲ್ಲಲು 4,18,169 ಮತಮೌಲ್ಯ ಬೇಕಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ. ಡಿ. ದೇಶಮುಖರಿಗೆ 1,12,769 ದೊರೆತವು. ಯಾರಿಗೂ ಬಹುಮತವಿಲ್ಲ! ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುತ್ತಾರೆ. ಹಿಂದುಳಿದವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಲಾಯಿತು. ದೇಶಮುಖರ ಮತಗಳಲ್ಲಿ ಹೆಚ್ಚಿನವು ರೆಡ್ಡಿಯವರಿಗೇ ಸಂದವು. ಆದರೂ ಗಿರಿಯವರು 4,20,077 ಮುಟ್ಟಿದರು, ರೆಡ್ಡಿಯವರು 4,05,427ಕ್ಕೆ ನಿಂತರು.

ಆಗಸ್ಟ್ 24ರಂದು ಗಿರಿಯವರು ಪ್ರಮಾಣವಚನ ಸ್ವೀಕರಿಸಿದರು. ಕಾಂಗ್ರೆಸ್ ಪಕ್ಷ ಅದೇ ನವೆಂಬರಿನಲ್ಲಿ ಇಬ್ಭಾಗವಾಯಿತು. ಸೋತಿದ್ದ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಆಯ್ಕೆಯಾಗಿ ಅದೇ ರಾಷ್ಟ್ರಪತಿ ಭವನವನ್ನು ಪ್ರವೇಶಿಸಿದರು.