ಮೇಲಿನ ಜಾಗಕ್ಕಿಂತ ಕೆಳಗಿನ ಮೂರು ಜಾಗ ನೋಡಿ

ಪ್ರಶ್ನೆ: ನಾನು ಹಾಸನದ ಕಡೆಯವನು, ಕೆಲಸ ಶೋಳಿಂಗನಲ್ಲೂರಿನ ಐಟಿ ಕಂಪನಿಯೊಂದರಲ್ಲಿ. ರೂಮಿನಲ್ಲಿ ಜೊತೆಗಿರುವ ಇಬ್ಬರು ಕೇರಳದ ಹುಡುಗರು. ಶನಿವಾರ ಬಂತೆಂದರೆ ಆರ್ಸೆನಲ್, ಲಿವರ್‌ಪೂಲ್ ಅಂತ ಜಗಳ. ನಮ್ಮ ಪ್ರಾಜೆಕ್ಟಿನ ಅಮೆರಿಕದ ಮ್ಯಾನೇಜರಿಗೂ ಈಚೆಗೆ ಇದೇ ಹುಚ್ಚು ಹತ್ತಿದೆ. ನನಗೆ ಕ್ರಿಕೆಟ್, ಆರ್‌ಸಿಬಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ನೋಡಲು ಎಲ್ಲಿಂದ ಶುರು ಮಾಡಲಿ? ಯಾವ ತಂಡ ಹಿಡಿಯಲಿ?
– ಓದುಗರೊಬ್ಬರು, ಶೋಳಿಂಗನಲ್ಲೂರ್, ಚೆನ್ನೈ

ಉತ್ತರ: ನಿಮಗೂ ನಿಮ್ಮ ಮ್ಯಾನೇಜರಿಗೂ ಇರುವ ತೊಡಕು ಒಂದೇ. ಅಮೆರಿಕದವರು ಪ್ಲೇಆಫ್, ಫೈನಲ್ ನೋಡುತ್ತಲೇ ಬೆಳೆದವರು. ನಮ್ಮ ಐಪಿಎಲ್ ಕೂಡ ಅದೇ ಅಚ್ಚಿನದು. ಇಂಗ್ಲೆಂಡಿನ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಫೈನಲ್ ಅನ್ನುವುದೇ ಇಲ್ಲ. ಇಪ್ಪತ್ತು ತಂಡ, ಪ್ರತಿ ತಂಡವೂ ಉಳಿದ ಹತ್ತೊಂಬತ್ತರ ಜೊತೆ ತನ್ನೂರಲ್ಲೊಮ್ಮೆ, ಅವರೂರಲ್ಲೊಮ್ಮೆ ಆಡಬೇಕು. ಒಟ್ಟು 38 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಆಗಸ್ಟಿನಲ್ಲಿ ಶುರುವಾದದ್ದು ಮೇ ತಿಂಗಳಲ್ಲಿ ಮುಗಿದಾಗ ಯಾರ ಅಂಕ ಹೆಚ್ಚೋ ಅವರೇ ಚಾಂಪಿಯನ್.

ಇದರ ರುಚಿ ಚೆನ್ನೈಯಲ್ಲಿರುವ ಕನ್ನಡಿಗರಿಗೆ ತಿಳಿಯಲು 2018ರ ಮಾರ್ಚ್ 17 ಒಂದೇ ಸಾಕು. ನಮ್ಮ ದೇಶದ ಫುಟ್‌ಬಾಲ್ ಲೀಗಾದ ಐಎಸ್‌ಎಲ್‌ನಲ್ಲಿ ಆ ಸಲ ಬೆಂಗಳೂರು ಎಫ್‌ಸಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಎಲ್ಲರಿಗಿಂತ ಮೇಲಿತ್ತು. ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32. ಫೈನಲ್ ನಡೆದದ್ದೂ ನಮ್ಮ ಕಂಠೀರವದಲ್ಲೇ. ಸುನಿಲ್ ಛೇತ್ರಿ ಶುರುವಿನಲ್ಲೇ ಗೋಲು ಹೊಡೆದು ಆಸೆ ಹುಟ್ಟಿಸಿದರು. ಆಮೇಲೆ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟರು. 3–2ರಲ್ಲಿ ಕಪ್ ಚೆನ್ನೈ ಪಾಲಾಯಿತು. ಇಂಗ್ಲೆಂಡಿನ ಲೆಕ್ಕದಲ್ಲಾದರೆ ಅದು ಎಂಟು ಅಂಕದ ಅಂತರದಲ್ಲಿ ಬೆಂಗಳೂರಿನದೇ. (ಈ ವಾದವನ್ನು ಆಫೀಸಿನ ಚೆನ್ನೈ ಗೆಳೆಯರ ಮುಂದೆ ಹೂಡಬೇಡಿ, ಪ್ರಯೋಜನವಿಲ್ಲ.)

ಫೈನಲ್ ಇಲ್ಲದಿದ್ದರೆ ಮಜಾ ಎಲ್ಲಿ ಅನ್ನುತ್ತೀರಿ. ಮಜಾ ಇರುವುದು ಪಟ್ಟಿಯ ಬುಡದಲ್ಲಿ. 2017ರಲ್ಲಿ, ಮತ್ತೆ 2019ರಲ್ಲಿ ಆರ್‌ಸಿಬಿ ಕಟ್ಟಕಡೆಗೆ ನಿಂತಿತು. ಏನಾಯಿತು? ಮರುವರ್ಷ ಮತ್ತೆ ಹರಾಜು, ಮತ್ತೆ ‘ಈ ಸಲ ಕಪ್ ನಮ್ದೇ’. ಇಂಗ್ಲೆಂಡಿನಲ್ಲಿ ಕೊನೆಯ ಮೂರು ತಂಡಗಳನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ, ಅಲ್ಲಿಂದ ಮೂರು ತಂಡ ಮೇಲೆ ಬರುತ್ತವೆ. ಕೆಳಗಿಳಿದರೆ ಟಿವಿ ಹಣಕ್ಕೆ ದೊಡ್ಡ ಹೊಡೆತ, ಒಳ್ಳೆಯ ಆಟಗಾರರು ಗಂಟುಮೂಟೆ ಕಟ್ಟುತ್ತಾರೆ. ಹಾಗಾಗಿ ಮೇ ತಿಂಗಳಲ್ಲಿ 17ನೇ ಸ್ಥಾನಕ್ಕೆ ನಡೆಯುವ ಕಿತ್ತಾಟ ಎಷ್ಟೋ ಸಲ ಮೊದಲ ಸ್ಥಾನದ್ದಕ್ಕಿಂತ ಜೋರಾಗಿರುತ್ತದೆ.

ಲೆಸ್ಟರ್ ಸಿಟಿಯನ್ನೇ ನೋಡಿ. 2015ರಲ್ಲಿ ಋತು ಶುರುವಾಗುವಾಗ ಅದು ಚಾಂಪಿಯನ್ ಆಗುವುದಕ್ಕೆ ಬಾಜಿಯವರು ಕೊಟ್ಟ ದರ ಒಂದಕ್ಕೆ ಐದು ಸಾವಿರ. 2016ರ ಮೇನಲ್ಲಿ ಅದೇ ಗೆದ್ದಿತು. ಏಳು ವರ್ಷ ಬಿಟ್ಟು, 2023ರ ಮೇ 28ಕ್ಕೆ ಬನ್ನಿ. ಕೊನೆಯ ದಿನ ಹತ್ತೂ ಪಂದ್ಯ ಒಂದೇ ಗಳಿಗೆಗೆ ಶುರುವಾಗುತ್ತವೆ, ಯಾರೂ ಇನ್ನೊಬ್ಬರ ಫಲಿತಾಂಶ ನೋಡಿಕೊಂಡು ಆಡಬಾರದೆಂದು. ಲೆಸ್ಟರ್ ತನ್ನ ಪಂದ್ಯದಲ್ಲಿ ವೆಸ್ಟ್ ಹ್ಯಾಮನ್ನು 2–1ರಲ್ಲಿ ಸೋಲಿಸಿತು. ಆದರೂ ಜನ ಮೊಬೈಲಿನಿಂದ ಕಣ್ಣು ಕೀಳಲಿಲ್ಲ, ಏಕೆಂದರೆ ಹಣೆಬರಹ ಇದ್ದದ್ದು ಲಿವರ್‌ಪೂಲ್ ನಗರದ ಇನ್ನೊಂದು ತಂಡವಾದ, 17ನೇ ಸ್ಥಾನಕ್ಕೆ ಹೋರಾಡುತ್ತಿದ್ದ ಎವರ್ಟನ್ ಮೈದಾನದಲ್ಲಿ. ಅಲ್ಲಿ ಎವರ್ಟನ್‌ನ ಅಬ್ದುಲಾಯೆ ಡುಕುರೆ ಪೆನಾಲ್ಟಿ ಬಾಕ್ಸಿನ ಅಂಚಿನಿಂದ ಒದ್ದ ಚೆಂಡು ಬೋರ್ನ್‌ಮತ್ ಗೋಲಿನೊಳಗೆ ಹೋಗಿತ್ತು. ಅದೊಂದೇ ಗೋಲಿಗೆ ಎವರ್ಟನ್ ಉಳಿಯಿತು. ಪಂದ್ಯ ಗೆದ್ದ ಲೆಸ್ಟರ್ ಕೆಳಗಿಳಿಯಿತು.

ತಂಡ ಯಾವುದು ಅಂದಿರಿ. ರೂಮಿನವರ ಆರ್ಸೆನಲ್ಲೂ ಬೇಡ, ಲಿವರ್‌ಪೂಲೂ ಬೇಡ. ಅವರ ಬಾಲವಾಗುತ್ತೀರಿ, ಅಷ್ಟೇ. ಕಳೆದ ವರ್ಷ ಗೆದ್ದವರನ್ನು ಹಿಡಿಯುವುದಂತೂ ಸೋಮಾರಿಗಳ ಕೆಲಸ. ನನ್ನ ಮಾತು ಕೇಳುವುದಾದರೆ ಎವರ್ಟನ್ ನೋಡಿ. 1954ರಿಂದ ಒಮ್ಮೆಯೂ ಮೇಲಿನ ದರ್ಜೆ ಬಿಟ್ಟಿಲ್ಲ, ಆದರೆ ಲೀಗ್ ಗೆದ್ದದ್ದು ಕೊನೆಯದಾಗಿ 1987ರಲ್ಲಿ, ಎಫ್‌ಎ ಕಪ್ ಅನ್ನುವ ಬೇರೆ ಟೂರ್ನಿಯನ್ನು 1995ರಲ್ಲಿ. 2008ರಿಂದ 2025ರವರೆಗೆ ಆರ್‌ಸಿಬಿಗಾಗಿ ಕಾದವರಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ. ಲಿವರ್‌ಪೂಲ್ ಹುಡುಗನನ್ನು ರೇಗಿಸಲು ಒಂದೇ ಊರಿನ ಎರಡು ತಂಡಗಳ ಹಗೆಯೂ ಪುಕ್ಕಟೆ ಸಿಗುತ್ತದೆ. ಮನಸ್ಸು ಹತ್ತದಿದ್ದರೆ ಮೊದಲ ವರ್ಷ ತಂಡ ಬದಲಿಸಲು ಅಡ್ಡಿಯಿಲ್ಲ. ಆಮೇಲೆ ಮಾತ್ರ ಬದಲಿಸಿದರೆ ಜನ ನಗುತ್ತಾರೆ.

ಹೊತ್ತಿನ ವಿಚಾರದಲ್ಲಿ ನೀವು ಅದೃಷ್ಟವಂತರು. ಅವರ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳು ನಮಗೆ ರಾತ್ರಿ 7:30ಕ್ಕೆ. ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಹಿಂದೆ ಸರಿಸಿದ ಮೇಲೆ 8:30ಕ್ಕೆ. ತಮಾಷೆಯೆಂದರೆ ಈ ಪಂದ್ಯಗಳನ್ನು ಇಂಗ್ಲೆಂಡಿನವರು ತಮ್ಮ ಮನೆಯ ಟಿವಿಯಲ್ಲಿ ನೇರವಾಗಿ ನೋಡುವಂತಿಲ್ಲ. ಸಣ್ಣ ಊರುಗಳ ಮೈದಾನ ಖಾಲಿ ಹೊಡೆಯಬಾರದೆಂದು ಆ ಹೊತ್ತಿಗೆ ಪ್ರಸಾರವನ್ನೇ ತಡೆದಿದ್ದಾರೆ. ಶೋಳಿಂಗನಲ್ಲೂರಿನಲ್ಲಿ ಕೂತ ನಿಮಗೆ ಆ ತಡೆ ಇಲ್ಲ. ವಾರದ ನಡುವಿನ ಪಂದ್ಯಗಳು ಮಾತ್ರ ನಡುರಾತ್ರಿ ದಾಟುತ್ತವೆ, ಅವು ಅಮೆರಿಕ ಶಿಫ್ಟಿನವರಿಗಿರಲಿ.

ಆಫ್‌ಸೈಡ್ ಅರ್ಥವಾಗದೆ ಮೊದಮೊದಲು ತಲೆ ಕೆಡುತ್ತದೆ. ನಿಮ್ಮ ಓಎಂಆರ್ ರಸ್ತೆಯ ಉದ್ದಕ್ಕೂ ಗಂಟೆ ಲೆಕ್ಕಕ್ಕೆ ಬಾಡಿಗೆ ಸಿಗುವ ಟರ್ಫ್‌ಗಳಲ್ಲಿ ಐದೈದು ಜನ ಆಡುವಾಗ ಈ ನಿಯಮ ಇರುವುದಿಲ್ಲ, ಗಲ್ಲಿ ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ಇಲ್ಲದ ಹಾಗೆ. ಅಲ್ಲಿ ಆಡಿ ಇದನ್ನು ಕಲಿಯಲಾಗದು. ಟಿವಿಯಲ್ಲೂ ಕಷ್ಟ, ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಓಡುತ್ತದೆ. ಪೆರಿಯಮೇಡಿನ ನೆಹರು ಕ್ರೀಡಾಂಗಣದಲ್ಲಿ ಚೆನ್ನೈಯಿನ್ ಪಂದ್ಯವಿದ್ದಾಗ ಒಮ್ಮೆ ಹೋಗಿ ಮೇಲಿನ ಸಾಲಿನಲ್ಲಿ ಕೂತು, ಚೆಂಡು ಬಿಟ್ಟು ನಾಲ್ಕು ಡಿಫೆಂಡರುಗಳನ್ನು ಮಾತ್ರ ನೋಡಿ. ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರುತ್ತಾರೆ, ಎದುರಾಳಿ ಒಬ್ಬನೇ ಅವರ ಹಿಂದೆ ಉಳಿದುಬಿಡುತ್ತಾನೆ, ಲೈನ್ಸ್‌ಮನ್ ಬಾವುಟ ಮೇಲೇಳುತ್ತದೆ. ಬೆಂಗಳೂರು ಎಫ್‌ಸಿ ಬರುವ ದಿನವಾದರೆ ಟಿಕೆಟ್ ತೆಗೆಯುವಾಗ ಯಾವ ಸ್ಟ್ಯಾಂಡ್ ಅಂತ ಎರಡು ಸಲ ನೋಡಿಕೊಳ್ಳಿ.