ಅಂಗಸಾಧನೆಯ ಗುರುವಾಗಬೇಕಾದರೆ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯಲ್ಲಿ ಹಲವು ವರ್ಷ ದೈಹಿಕ ಶಿಕ್ಷಣವನ್ನು ಕಲಿಸಿದವನು ನಾನು. ಹಳೆ ವಿದ್ಯಾರ್ಥಿಗಳಲ್ಲಿ ಕೆಲವರು ಈಚೆಗೆ, "ಮಾಸ್ಟ್ರೇ, ಜಿಮ್ಮಿನಲ್ಲಿ ತರಬೇತುದಾರನಾಗಿ ಜೀವನ ಸಾಗಿಸಬಹುದೇ?" ಎಂದು ಕೇಳುವುದುಂಟು. ಖಂಡಿತ ಸಾಗಿಸಬಹುದು, ಆದರೆ ಕಟ್ಟುಮಸ್ತಾದ ಮೈಯೊಂದೇ ಅದಕ್ಕೆ ಬಂಡವಾಳವಲ್ಲ.

ಈ ವೃತ್ತಿ ಕನ್ನಡಿಗರಿಗೆ ಹೊಸತೇನಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ನಾವೆಲ್ಲ ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಹೆಸರಾದವರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಪಾಶ್ಚಾತ್ಯ ಅಂಗಸಾಧನೆಯೊಡನೆ ನಮ್ಮ ಸೂರ್ಯನಮಸ್ಕಾರ, ಯೋಗಾಸನಗಳನ್ನು ಹೊಂದಿಸಿದರು. ದೂರದ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿದರು. ಅಂಚೆಯಲ್ಲಿ ಕಲಿಸುವ ಗುರು ಶಿಷ್ಯನ ಪಕ್ಕದಲ್ಲಿ ನಿಲ್ಲಲಾರ; ಶಿಷ್ಯನೇ ತನ್ನ ಮನೆಯಲ್ಲಿ ಸಾಧನೆಯನ್ನು ಮುಂದುವರಿಸಬೇಕು. ಹಾಗೆ ಶಿಷ್ಯನನ್ನು ಸ್ವತಂತ್ರನನ್ನಾಗಿ ಮಾಡುವುದೇ ಈ ವೃತ್ತಿಯ ನಿಜವಾದ ಯಶಸ್ಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ನಾಲ್ಕು ಗುಣಗಳು ಅವಶ್ಯ.

ಮೊದಲನೆಯದು ವಿದ್ಯೆ. ಸ್ನಾಯು, ಕೀಲು, ಹೃದಯ, ಆಹಾರ - ಇವುಗಳ ಜ್ಞಾನವಿಲ್ಲದವನು ಇನ್ನೊಬ್ಬರ ದೇಹಕ್ಕೆ ಕೈಹಾಕಬಾರದು. ಶಾಸ್ತ್ರೋಕ್ತವಾಗಿ ಕಲಿಯಲಿಚ್ಛಿಸುವವರಿಗೆ 1985ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಗೊಂಡ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು ನಮ್ಮ ರಾಜ್ಯದಲ್ಲೇ ಇದೆ.

ಎರಡನೆಯದು, ಎದುರಿಗಿರುವ ವ್ಯಕ್ತಿಯನ್ನು ಅರಿಯುವ ಶಕ್ತಿ. ಅಡಿಕೆ ತೋಟದಲ್ಲಿ ದುಡಿಯುವವನಿಗೂ, ಗಲ್ಫಿನ ಕಚೇರಿಯಲ್ಲಿ ಕುಳಿತು ದುಡಿದು ಊರಿಗೆ ಮರಳಿದವನಿಗೂ, ಬಾಣಂತನ ಮುಗಿಸಿದ ತಾಯಿಗೂ ಒಂದೇ ಕ್ರಮ ಸಲ್ಲದು. ಮಧುಮೇಹ, ರಕ್ತದೊತ್ತಡ, ಹಳೆಯ ಪೆಟ್ಟು ಇವೆಯೇ ಎಂದು ಮೊದಲೇ ವಿಚಾರಿಸಬೇಕು. ವ್ಯಾಯಾಮದ ನಡುವೆ ಎದೆನೋವು ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ನೋವನ್ನು ಜನರು ಮನೆಮಾತಿನಲ್ಲೇ ಸರಿಯಾಗಿ ಹೇಳಿಕೊಳ್ಳುತ್ತಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿಗಳು ಕಿವಿಗೆ ಬೀಳುವ ಈ ನೆಲದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಮೂರನೆಯದು ತಾಳ್ಮೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ಸಾಧನೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಎಂದೂ ಬೆವರು ಹರಿಸದವನನ್ನು ಮೊದಲ ವಾರದಲ್ಲೇ ಅಲ್ಲಿಗೆ ಮುಟ್ಟಿಸಲು ಹೊರಟರೆ ಆತ ಎರಡನೆಯ ವಾರ ಬರಲಾರ. ಹತ್ತು ನಿಮಿಷದ ನಡಿಗೆ, ನಾಲ್ಕು ಬಸ್ಕಿಗಳಿಂದ ತೊಡಗಿ, ದೇಹ ಒಗ್ಗಿದಂತೆ ಭಾರವನ್ನು ಹೆಚ್ಚಿಸಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು, ಪ್ರಾಮಾಣಿಕತೆ. ಮೂರೇ ತಿಂಗಳಲ್ಲಿ ಭೀಮಕಾಯ ಬೇಕೆಂದು ಹಂಬಲಿಸುವ ಹುಡುಗರಿದ್ದಾರೆ. ಅವರಿಗೆ ಸ್ಟೆರಾಯ್ಡ್ ಚುಚ್ಚುಮದ್ದಿನ ದಾರಿ ತೋರಿಸುವವರೂ ಇದ್ದಾರೆ. ಅದು ಹೃದಯವನ್ನೂ ಯಕೃತ್ತನ್ನೂ ಕೆಡಿಸಬಲ್ಲದು, ಸಂತಾನಶಕ್ತಿಯನ್ನೂ ಕುಗ್ಗಿಸಬಲ್ಲದು. "ಅದು ನನ್ನಿಂದಾಗದು" ಎಂದು ಹೇಳಿ ಶುಲ್ಕವನ್ನು ಕಳೆದುಕೊಳ್ಳಲು ಸಿದ್ಧನಿರುವವನೇ ಗುರುವೆನಿಸಿಕೊಳ್ಳಲು ಅರ್ಹ. ಅಂಥವನ ಬಳಿಗೆ ತಂದೆತಾಯಿಗಳು ಮಕ್ಕಳನ್ನು ನಿಶ್ಚಿಂತೆಯಿಂದ ಕಳುಹಿಸುತ್ತಾರೆ; ಸಣ್ಣ ಊರಿನಲ್ಲಿ ಆ ನಂಬಿಕೆಗಿಂತ ದೊಡ್ಡ ಜಾಹೀರಾತಿಲ್ಲ.

ನಮ್ಮ ಶಾಲೆಯ ಅಂಗಳದಲ್ಲಿ ಓಡಿ ಬೆಳೆದವರು ಊರಿನ ಆರೋಗ್ಯವನ್ನು ಕಾಯುವ ಇಂಥ ಗುರುಗಳಾಗಲಿ ಎಂದು ಹಾರೈಸುತ್ತೇನೆ.